ಬಾಯಿ ತೆರೆಸುವ ಕೆಲಸ

ಫೆಬ್ರವರಿ 2, ಭಾನುವಾರ

ಚರ್ಚಿನ ಹೆಲ್ತ್ ಕ್ಯಾಂಪಲ್ಲಿ ಈ ಸಲವೂ ಬಾಯಿ ತೆರೆಸೋ ಕೆಲಸವೇ ನಂಗೆ. ಬಿಪಿ ಟೇಬಲ್ಲಿಗೆ ಓದಿದವರು ಇದ್ದಾರಂತೆ. ಚರ್ಚ್ ಹಾಲ್ ತುಂಬಾ ಜನ — ಮಲಯಾಳಿ, ತಮಿಳು, ಕೊಡವ, ತೋಟದ ಕೂಲಿ ಲೈನ್‌ಮನೆಯ ಎರವರು. ಅವರವರ ಭಾಷೇಲೇ ಬೈದು ಕ್ಯೂ ನಿಲ್ಲಿಸಿದೆ. ಫಾದರ್ ಹೇಳಿದ್ರು, "ಕೂಸಪ್ಪ, ನೀನು ಹಿಂದೂ ಆಗಿದ್ದೇ ನಮ್ಮ ಪುಣ್ಯ. ಇಲ್ಲಾಂದ್ರೆ ಪ್ರಸಂಗಾನೂ ನೀನೇ ಮಾಡ್ತಿದ್ದೆ."

ಬೆಳ್ಳಿ ಬಾಯೇ ತೆರೀಲಿಲ್ಲ. ನಮ್ಮ ತೋಟದಲ್ಲಿ ಕಾಫಿ ಪಿಕ್ಕಿಂಗ್ ಮಾಡೋ ಹೆಂಗಸು, ಹೊಗೆಸೊಪ್ಪು ಬಿಟ್ಟಿರೋದಿಲ್ಲ. ಟಾರ್ಚ್ ನೋಡಿ ಸೆರಗು ಮುಚ್ಚಿಕೊಂಡಳು. "ಹಿಂಗೆ ನೋಡು" ಅಂತ ನಾನೇ ಕುರ್ಚೀಲಿ ಕೂತು ಬಾಯಿ ಅಗಲ ಮಾಡಿದೆ. "ಡಾಕ್ಟ್ರಮ್ಮ, ಒಳಗೆ ಆನೆ ಏನಾದ್ರೂ ಕಾಣ್ತದಾ?" ಎಲ್ಲ ನಕ್ಕರು. ಬೆಳ್ಳೀನೂ.

ಡಾಕ್ಟ್ರಮ್ಮ ನಗಲಿಲ್ಲ. "ಮುಚ್ಚಬೇಡಿ." ನಾಲಗೆ ಹಿಡಿದು ಪಕ್ಕಕ್ಕೆ ಎಳೆದ್ರು. "ಈ ಹುಣ್ಣು ಯಾವಾಗಿಂದ?"

ಹುತ್ತರಿ ಹಬ್ಬದಿಂದ. ಹಲ್ಲು ತಾಗಿದ್ದು ಅಂದೆ.

ಕೆಂಪು ಚೀಟಿ ಕೊಟ್ರು. ಗುರುವಾರ ಮಡಿಕೇರಿ ಆಸ್ಪತ್ರೆಗೆ ಹೋಗಿ ಹುಣ್ಣಿನ ಚೂರು ತೆಗೆಸಿ ಟೆಸ್ಟ್. ಆಮೇಲೆ ಬಾಯಿ ತೆರೆದ ಬೆಳ್ಳಿಗೂ ಒಂದು ಕೊಟ್ರು. "ಕೂಸಪ್ಪಣ್ಣ ಬಂದ್ರೆ ನಾನೂ ಬರ್ತೇನೆ" ಅಂದಳು.

ಫೆಬ್ರವರಿ 6, ಗುರುವಾರ

ಹೋಗ್ಲಿಲ್ಲ. ಜೀಪಿನ ಬ್ಯಾಟರಿ ಡೌನ್ ಅಂತ ಫಾದರಿಗೆ ಸುಳ್ಳು ಹೇಳಿದೆ. ಬೆಳ್ಳಿ ಒಳ್ಳೆ ಸೀರೆ ಉಟ್ಟು ಹನ್ನೊಂದು ಗಂಟೆವರೆಗೆ ಗೇಟಲ್ಲಿ ನಿಂತಿದ್ದಳಂತೆ. ಆಮೇಲೆ ಹಳೇದು ಉಟ್ಟು ಪಿಕ್ಕಿಂಗಿಗೆ ಹೋದಳಂತೆ.

ಥೂ, ನನ್ನ ಜನ್ಮಕ್ಕೆ.

ಫೆಬ್ರವರಿ 13, ಗುರುವಾರ

ಹೋದ್ವು. ಮೊದಲು ನಂದೇ ತೆಗೀರಿ ಅಂದೆ, ಬೆಳ್ಳಿಗೆ ಧೈರ್ಯ ಬರ್ಲಿ ಅಂತ. ಕಣ್ಣಲ್ಲಿ ನೀರು ಬಂತು ನಂಗೆ... ಅವಳೇ ನನ್ನ ಕೈ ಹಿಡ್ಕೊಂಡಳು. ವಾಪಸ್ ಬರುವಾಗ ಇಬ್ಬರ ಬಾಯಲ್ಲೂ ಹತ್ತಿ.

ಬೋಜಮ್ಮ ಕೇಳಿದಳು. ಹಲ್ಲು ಕೀಳಿಸಿದೆ ಅಂದೆ. ಹೆಂಡತಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳೋಕೆ ಬರ್ತದೆ ಅಂತ ಗೊತ್ತೇ ಇರ್ಲಿಲ್ಲ.

ಫೆಬ್ರವರಿ 23, ಭಾನುವಾರ, ಮಧ್ಯಾಹ್ನ

ರಿಪೋರ್ಟ್ ಬಂತು. ಡಾಕ್ಟ್ರಮ್ಮ ಚರ್ಚಿಗೆ ಕರೆಸಿ ಹೇಳಿದ್ರು. ಬೆಳ್ಳಿಗೆ ಏನಿಲ್ಲ, ಹೊಗೆಸೊಪ್ಪು ಬಿಡಬೇಕಷ್ಟೆ. ಸದ್ಯ.

ನಂದು ಅದೇ. ಕ್ಯಾನ್ಸರ್. ಮಂಗಳೂರಲ್ಲಿ ಆಪರೇಶನ್. ನಾಲಗೆ ಅರ್ಧ ಹೋಗ್ಬಹುದು.

"ಮಾತು ಬರ್ತದಾ?"

"ಮೊದಲು ಜೀವ ನೋಡುವ ಕೂಸಪ್ಪ."

ಏನೋ ಒಂದು ತಮಾಷೆ ಮಾಡ್ಬೇಕಿತ್ತು ಆಗ. ಹುಡುಕಿದೆ. ಸಿಗ್ಲಿಲ್ಲ.

ನಾನು ಮಾತು ಕಮ್ಮಿ ಮಾಡಿದ್ದಕ್ಕೆ ಬೋಜಮ್ಮ ಬೆಳಿಗ್ಗೆ ಕೇಳಿದಳು, "ಯಾರನ್ನಾದ್ರೂ ಇಟ್ಕೊಂಡಿದ್ದೀರಾ?" ಈ ಮುಖಕ್ಕೆ ಯಾರು ಬರ್ತಾರೆ ಅಂದೆ. ಅವಳು ನಕ್ಕಳು. ನಾನು ನಗೋಕೆ ಹೋದ್ರೆ ನಾಲಗೆ ಉರಿ.

ಮೀನು ಸಾರಿಗೆ ಖಾರ ಹಾಕ್ಬೇಡ ಅಂದಿದ್ದೆ. ಯಾಕೆ ಅಂದಳು. ಬಡಿಸಿದ ಮೇಲೆ ಹೇಳ್ತೇನೆ ಅಂದೆ.

ಬಡಿಸಿದಳು. "ಹೋಯ್, ಆರಿ ಹೋಗ್ತದೆ, ಬನ್ನಿ!" ಎರಡು ಸಲ ಕರೆದಳು. ಹೋಗಿ ಕೂತು, ತುತ್ತು ಬಾಯಿಗಿಡೋ ಮೊದಲೇ ಎಲ್ಲಾ ಹೇಳಿಬಿಡ್ಬೇಕು.