ನನಗಾಗಿ ಅಗೆದ ಹಿಮ

ಕ್ವಿಬೆಕ್, ೧೫ ಫೆಬ್ರವರಿ ೧೯೭೬, ಭಾನುವಾರ

ಅಗೆದು ಅಗೆದು ಭುಜ ಸಿಡಿಯುತ್ತಿದೆ. ಸಿಡಿಯಲಿ, ಇವತ್ತು ಅದನ್ನು ಬೈಯಲು ಮನಸ್ಸಿಲ್ಲ.

ಸ್ಕೀ ಕಟ್ಟಿಕೊಂಡು ಗಾಳಿಯಲ್ಲಿ ಲಾಗ ಹಾಕುವವರು ಇಳಿಯುವ ಕಡೆ ಹಿಮವನ್ನು ಅಗೆದು ಮೆತ್ತಗೆ ಮಾಡದಿದ್ದರೆ ಬೆನ್ನು ಮುರಿಯುತ್ತದೆಂದು ಈ ಗಂಡಸರಿಗೆ ಗೊತ್ತಿಲ್ಲವೇ? ಒಬ್ಬರು ಜಿಗಿಯುವಾಗ ಉಳಿದವರು ಅಗೆಯಬೇಕು, ನಮ್ಮ ಗುಡ್ಡದ ಪದ್ಧತಿಯೇ ಅದು. ಮೂರು ಚಳಿಗಾಲ ಅವರಿಗಾಗಿ ಅಗೆದೆ. ಹೆಂಗಸರು ಲಾಗ ಹಾಕಕೂಡದೆಂಬ ನಿಯಮವನ್ನು ಈ ವರ್ಷ ಜಗಳವಾಡಿ ತೆಗೆಸಿದೆ.

ಸ್ಪರ್ಧೆಯಲ್ಲಿ ನನ್ನ ಸರದಿ ಬಂದಾಗ ಒಬ್ಬನೂ ಸಲಿಕೆ ಮುಟ್ಟಲಿಲ್ಲ. ಹಿಮ ಕಲ್ಲಾಗಿತ್ತು. ಮೈಯೆಲ್ಲ ಉರಿದು ನಾನೇ ಅಗೆಯತೊಡಗಿದೆ. ಹೋದ ವರ್ಷ ಗೆದ್ದಿದ್ದ ರೇಜಾನ್ ಬೇಲಿಗೆ ಒರಗಿ ನಿಂತಿದ್ದ.

“ಒಡೀಲ್, ಮನೆಗ್ ಹೋಗಿ ಬಟಾಣಿ ಸೂಪ್ ಕಾಯಿಸ್ಬಾರ್ದಾ?”

“ನಿನ್ ಬೆನ್ನು ನೆಟ್ಟಗಿರೋದು ನನ್ ಸಲಿಕೆಯಿಂದ ಕಣೋ. ಬಾಯ್ಮುಚ್ಕೊಂಡು ನೋಡ್ತಿರು.”

ಮೇಲೆ ಹತ್ತಿ ಜಿಗಿದೆ. ಆಕಾಶ ಕಾಲಡಿಗೆ ಬಂತು, ಮರಗಳು ತಲೆಕೆಳಗಾಗಿ ಮತ್ತೆ ನೆಟ್ಟಗಾದವು. ಎರಡೂ ಕಾಲ ಮೇಲೆ ಇಳಿದೆ! ಜನರ ಕೂಗು ಇನ್ನೂ ಕಿವಿಯಲ್ಲಿದೆ.

ಎರಡನೇ ಜಿಗಿತಕ್ಕೆ ಮೇಲೇರಿ ನೋಡಿದರೆ, ಕೆಳಗೆ ಒಬ್ಬ ಬಗ್ಗಿ ಅಗೆಯುತ್ತಿದ್ದಾನೆ. ರೇಜಾನ್!

“ಇಷ್ಟು ಸಾಕೇನೇ?” ಎಂದು ಕೂಗಿದ.

“ಎಡಗಡೆ ಇನ್ನೂ ಗಟ್ಟಿ ಇದೆ, ಅಗಿ!”

ಅಗೆದ.

ಆ ಜಿಗಿತವೂ ನೆಟ್ಟಗಾಗಿ ಗೆದ್ದ ಚಿನ್ನದ ಪದಕವನ್ನು ಅಮ್ಮ ಎಲ್ಲಿಟ್ಟಳೋ ನೋಡಿಲ್ಲ. ಕಣ್ಣು ಮುಚ್ಚಿದರೆ ಕಾಣುವುದು ಆ ಬಗ್ಗಿದ ಬೆನ್ನು, ಆ ಸಲಿಕೆ. ನಾಳೆ ಅಭ್ಯಾಸಕ್ಕೆ ಅವನು ಜಿಗಿಯುವಾಗ ನಾನೂ ಸಲಿಕೆ ಹಿಡಿಯುತ್ತೇನೆ.