ಪಾಳೇಗಾರನ ಸಿಆರ್‌ಪಿ

ಜನವರಿ 6, ಮಂಗಳವಾರ

ಐದೂವರೆಗೆ ಹಾರ್ಮೋನಿಯಂ ತೆಗೆದೆ. ಕಪ್ಪು ನಾಲ್ಕರ ಶ್ರುತಿಯಲ್ಲಿ ಅರ್ಧ ಗಂಟೆ. ಪಕ್ಕದ ಮನೆಯ ದುರುಗಕ್ಕ ಎಂದಿನಂತೆ ಗೋಡೆ ಗುದ್ದಿದಳು. ಎಂದಿನಂತೆ ಇನ್ನೊಂದು ಆಲಾಪ, ಅವಳ ಪಾಲಿಗೆ. ಎಂಟಕ್ಕೆ ಚಿಕ್ಕಜಾಜೂರು ಸ್ಟೇಷನ್, ಟಿಕೆಟ್ ಕೌಂಟರಿನಲ್ಲಿ ನನ್ನ ಕುರ್ಚಿ. 'ಯಾರಲ್ಲಿ, ಮುಂದೆ ಬನ್ನಿ!' ಎಂದೆ. ಸಾಲಿನಲ್ಲಿದ್ದ ಮಗುವೊಂದು ಅತ್ತಿತು.

ಮಧ್ಯಾಹ್ನ ರಜೆ ಹಾಕಿ ಹೆಂಡತಿ ಶಿವಗಂಗಾ ಜೊತೆ ದುರ್ಗಕ್ಕೆ. ಹೋದ ವಾರ ಅವಳ ಒತ್ತಾಯಕ್ಕೆ ಹೊಳಲ್ಕೆರೆಯ ಲ್ಯಾಬಿನಲ್ಲಿ ಕೊಟ್ಟ ರಕ್ತದ ರಿಪೋರ್ಟು ಹಿಡಿದು. ಡಾಕ್ಟರ್ ಹಾಲಸ್ವಾಮಿ ಕನ್ನಡಕ ಏರಿಸಿ ಓದಿದರು. ಕೊಬ್ಬು ಜಾಸ್ತಿ. ಅದು ನನ್ನ ಹೊಟ್ಟೆ ನೋಡಿದರೂ ತಿಳಿಯುತ್ತದೆ. ಆದರೆ ಇನ್ನೊಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ಸಿಆರ್‌ಪಿ. ಒಂದರ ಕೆಳಗಿದ್ದರೆ ಒಳ್ಳೆಯದಂತೆ. ಮೂರು ದಾಟಿದರೆ ಹೃದಯಕ್ಕೆ ಅಪಾಯ ಜಾಸ್ತಿಯಂತೆ. ನನ್ನದು 6.8.

"ಅಂದ್ರೆ ಏನು ಸಾರ್?"

"ಮೈಯೊಳಗೆ ಎಲ್ಲೋ ಉರಿಯೂತ ಐತೆ ಅಂತ. ಶೀತಕ್ಕೂ ಏರ್ತೈತೆ, ಹಲ್ಲುನೋವಿಗೂ ಏರ್ತೈತೆ. ರಕ್ತನಾಳದ ಗೋಡೆ ಒಳಗೇ ಉರೀತಿದ್ರೂ ಏರ್ತೈತೆ. ಯಾವುದು ಅಂತ ಇದೊಂದೇ ಹೇಳಲ್ಲ. ಮೂರು ವಾರ ಬಿಟ್ಟು ಇನ್ನೊಂದ್ಸಲ ನೋಡಾಣ. ಇಳೀಲಿಲ್ಲ ಅಂದ್ರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹಾರ್ಟ್ ಪರೀಕ್ಷೆ, ಮಾತ್ರೆ ಎಲ್ಲಾ ಶುರು ಮಾಡಾಣ. ನಿಮ್ ತಂದೆ...?"

ಐವತ್ಮೂರಕ್ಕೆ ಎದೆನೋವಲ್ಲಿ ಹೋದರು ಎಂದೆ. ನನಗೀಗ ಐವತ್ತೊಂದು.

"ನಿಮಗೇನಾರ ಎದೆನೋವು?"

"ಇಲ್ಲ!" ಗುಡುಗಿದೆ. ಹೊರಗಿದ್ದ ನರ್ಸು ಇಣುಕಿದಳು.

ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಅರ್ಧಕ್ಕೇ ಎದೆಯ ಮೇಲೆ ಹಲಗೆ ಹೇರಿದಂತಾಗುತ್ತದೆ. ಹೇಳಲಿಲ್ಲ. ಅದು ನೋವಲ್ಲ, ಭಾರ. ಸುಳ್ಳು ಹೇಳಿದಂತಾಗಲಿಲ್ಲ.

ಜನವರಿ 13

ಸಮುದಾಯ ಭವನದಲ್ಲಿ ತಾಲೀಮು. ಫೆಬ್ರವರಿ 22ಕ್ಕೆ ದುರ್ಗದ ರಂಗಮಂದಿರದಲ್ಲಿ ನಾಟಕ ಸ್ಪರ್ಧೆ. ಮಧ್ಯಾಹ್ನ ಎರಡೂವರೆಗೆ ನಮ್ಮದು. ನಾಟಕ ಹಾರ್ಮೋನಿಯಂ ಮೇಷ್ಟ್ರು ಬೋರಪ್ಪನವರು ಬರೆದದ್ದು. ಪಾಳೇಗಾರ — ನಾನಲ್ಲದೆ ಇನ್ನಾರು! ಮಂತ್ರಿ — ತಿಪ್ಪೇಶ್. ತನ್ನ ಮಾತು ಮರೆತರೂ ನನ್ನ ಮಾತು ಮರೆಯದ ಕಳ್ಳ.

"ಅಣ್ಣಾ, ಉಸ್ರು ಕಟ್ತೈತೆ ನಿಂಗೆ. ಆ ಉದ್ದುದ್ ಮಾತು ನಾನ್ ಹೇಳ್ಲಾ?"

"ಲೇ ತಿಪ್ಪ, ನನ್ ಹೆಣ ದಾಟ್ಕಂಡು ಬಂದು ಹೇಳು."

ಎಲ್ಲರೂ ನಕ್ಕರು. ನಾನೂ.

ಜನವರಿ 21

ಗಂಟಲು ಕಟ್ಟಿತು. ಸಿಂಹಾಸನದ ದೃಶ್ಯದಲ್ಲಿ ಪಾಳೇಗಾರ ಕಿರುಗುಟ್ಟುವ ಬಾಗಿಲಿನಂತೆ ಕೂಗಿದ. ಬೋರಪ್ಪ ಮೇಷ್ಟ್ರು ಜೇಬಿನಿಂದ ಪೊಟ್ಟಣ ತೆಗೆದರು. ಗಂಟಲು ಗುಳಿಗೆ. ಬಿಳಿಯದು, ಹೆಸರುಕಾಳಿನಷ್ಟು. ನಾಟಕದವರೆಂದರೆ ಮೆಡಿಕಲ್ ಶಾಪಿನವನು ಚೀಟಿ ಕೇಳುವುದಿಲ್ಲ. ಹೊಸದೇನಲ್ಲ. ನಾಟಕದವರೇ ಆಗಿದ್ದ ಅಪ್ಪನ ಬಣ್ಣದ ಪೆಟ್ಟಿಗೆಯಲ್ಲೂ ಕಲ್ಲುಸಕ್ಕರೆ, ಜ್ಯೇಷ್ಠಮಧು, ಈ ಗುಳಿಗೆ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು.

"ದಿನಕ್ಕೆ ಎರಡು ನುಂಗಪ್ಪ. ಶೋ ಮುಗಿಯೋವರ್ಗೂ ಬಿಡಬ್ಯಾಡ."

ಜನವರಿ 24

ಧ್ವನಿ ಬಂತು! ಬಂತೆಂದರೆ ಕೋಟೆ ಬಾಗಿಲು ತೆರೆದಂತೆ ಬಂತು. ಮಂಡಿ ನೋವೂ ಮಾಯ. ಹಸಿವೋ ಹಸಿವು — ಒಂದು ಮುದ್ದೆ ತಿನ್ನುವವನು ಮೂರು ತಿಂದೆ. ನಿದ್ದೆ ಮಾತ್ರ ಕಡಿಮೆ. ಪಾಳೇಗಾರನಿಗೆ ನಿದ್ದೆ ಯಾಕೆ?

ಜನವರಿ 28, ಬುಧವಾರ

ನಿನ್ನೆ ರಕ್ತ ಕೊಟ್ಟದ್ದು. ಇವತ್ತು ರಿಪೋರ್ಟು. ಸಿಆರ್‌ಪಿ 0.9.

ಪಾಯಿಂಟ್ ಒಂಬತ್ತು! ಲ್ಯಾಬಿನ ಬಾಗಿಲಲ್ಲೇ ತೊಡೆ ತಟ್ಟಿದೆ. ಸಂಜೆ ದುರ್ಗಕ್ಕೆ. ಹಾಲಸ್ವಾಮಿಯವರು ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು ಸುಮಾರು ಹೊತ್ತು ನೋಡಿದರು.

"ಇಷ್ಟೊಂದು ಇಳಿದೈತೆ... ನಡುವೆ ಬೇರೆ ಮಾತ್ರೆ ಏನಾರ ತಗೊಂಡ್ರಾ?"

"ಒಂದೂ ಇಲ್ಲ ಸಾರ್."

"ಹಂಗಾದ್ರೆ ಮೊದಲನೇದು ಶೀತದ್ದಿರಬೋದು. ಟ್ರೆಡ್‌ಮಿಲ್ ಸದ್ಯಕ್ಕೆ ಬ್ಯಾಡ. ಎಣ್ಣೆ ಕಡಿಮೆ ಮಾಡ್ರಿ, ನಡೀರಿ. ಮೂರು ತಿಂಗಳಿಗೆ ಬರ್ರಿ. ಎದೇಲೇನಾರ ಆದ್ರೆ ಮಾತ್ರ ಅವತ್ತೇ ಬರ್ಬೇಕು."

ಬಸ್ಸಿನಲ್ಲಿ ಶಿವಗಂಗಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೂರು ವಾರದಿಂದ ಈ ಹೆಂಗಸು ನನ್ನ ಉಸಿರು ಎಣಿಸುತ್ತ ಮಲಗಿದ್ದಳಂತೆ. ನನಗೆ ತಿಳಿದೇ ಇರಲಿಲ್ಲ.

ಫೆಬ್ರವರಿ 3

ಮನೆಯಲ್ಲಿ ಒಬ್ಬಟ್ಟು. ಶಿವಗಂಗಾ ಗೋಡೆಯಾಚೆಗೂ ಕೊಟ್ಟಳು. "ನಮ್ಮನೆಯವ್ರ ಹಾರ್ಟು ಇಪ್ಪತ್ತರ ಹುಡುಗಂದಂತೆ ದುರುಗಕ್ಕ!"

"ಗಂಟ್ಲೂ ಹಂಗೇ ಐತೆ, ಏನ್ ಮಾಡಾಣ," ಎಂದಳು ಆಕೆ.

ಈ ದಿನ ಸೇತುವೆಯ ಮೇಲೆ ಎರಡು ಸಲ ನಿಂತೆ. ಗೂಡ್ಸ್ ಗಾಡಿ ನೋಡುವವನಂತೆ ಕಂಬಿ ಹಿಡಿದು. ಒಬ್ಬಟ್ಟು ಹೆಚ್ಚಾಗಿರಬೇಕು.

ಫೆಬ್ರವರಿ 12, ಗುರುವಾರ

ರಂಜಿತಾ ಟಿಕೆಟ್ಟಿಗೆ ಬಂದಿದ್ದಳು. ಶಿವಗಂಗಾಳ ಅಕ್ಕನ ಮಗಳು, ಹೊಳಲ್ಕೆರೆಯ ಅದೇ ಲ್ಯಾಬಿನಲ್ಲಿ ಕೆಲಸ. ಕೌಂಟರಿನ ಗಾಜಿನಾಚೆಯಿಂದ ದಿಟ್ಟಿಸಿದಳು.

"ಚಿಕ್ಕಪ್ಪ, ಮುಖ ಯಾಕೆ ಹಿಂಗೆ ಊದೈತೆ?"

"ರಾಜಕಳೆ ಕಣೇ! ಗಂಟಲು ಗುಳಿಗೆ ನುಂಗ್ತಾ ಇದೀನಿ, ಹೊಟ್ಟೆ ಬೇರೆ ಹಸೀತೈತೆ."

ಪೊಟ್ಟಣ ಕೇಳಿ ನೋಡಿದಳು. ಒಳಗೆ ಮಡಚಿಟ್ಟ ಬೆಳ್ಳಿ ಹಾಳೆಯ ಅಕ್ಷರ ಓದಿದಳು. ನಗು ಹೋಯಿತು.

"ಇದು ಸ್ಟಿರಾಯ್ಡ್ ಚಿಕ್ಕಪ್ಪ. ಎರಡನೇ ಸಲ ರಕ್ತ ಕೊಟ್ಟಾಗ ತಗೊಂತಿದ್ರಾ?"

"ಹೂಂ. ಅದೇನು ಔಷಧಿನಾ? ಕಲ್ಲುಸಕ್ಕರೆ ಇದ್ದಂಗೆ."

"ಉರಿಯೂತ ಅಮುಕಿ ಹಾಕೋದೇ ಇದರ ಕೆಲ್ಸ. ಆ ಪಾಯಿಂಟ್ ಒಂಬತ್ತು ನಿಮ್ದಲ್ಲ ಚಿಕ್ಕಪ್ಪ, ಮಾತ್ರೇದು. ಇವತ್ತೇ ಡಾಕ್ಟರ್ ಹತ್ರ ಹೋಗ್ರಿ. ತಟ್ಟನೆ ನಿಲ್ಲಿಸ್ಲೂಬೇಡ್ರಿ, ಅವ್ರನ್ನ ಕೇಳೇ ಬಿಡ್ರಿ."

ಹಿಂದೆ ಸಾಲು ಬೆಳೆದಿತ್ತು. ಯಾರೋ 'ಬೇಗ ಕೊಡ್ರೀ' ಎಂದರು. ಹತ್ತು ದಿನ ತಡಿ, ಚಿಕ್ಕಮ್ಮನಿಗೆ ಹೇಳಬೇಡ ಎಂದು ಆಣೆ ಹಾಕಿಸಿದೆ. ಆಣೆಯನ್ನೇನೋ ಇಟ್ಟಳು. ಕಣ್ಣಲ್ಲಿ ನೀರು.

ತಟ್ಟನೆ ನಿಲ್ಲಿಸಬಾರದು ಎಂದಳಲ್ಲ. ಅಷ್ಟನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಂಡೆ.

ಫೆಬ್ರವರಿ 19

ಹಾಲಸ್ವಾಮಿಯವರ ಹತ್ತಿರ ಹೆಸರು ಬರೆಸಿದ್ದೇನೆ. ಸೋಮವಾರ, 23. ನಾಟಕ ಭಾನುವಾರ. ಒಂದೇ ದಿನದ ಅಂತರ. ಹೇಳಿಬಿಟ್ಟರೆ ಅವರು ರಂಗಕ್ಕೆ ಹತ್ತಲು ಬಿಡುವುದಿಲ್ಲ. ತಿಪ್ಪೇಶ್ ಕಿರೀಟ ತೊಡುತ್ತಾನೆ.

ಈಗ ಎದೆಯ ಮೇಲಿನ ಹಲಗೆಗೆ ಮೆಟ್ಟಿಲೇ ಬೇಕಿಲ್ಲ. ಸ್ನಾನದ ನೀರು ಎತ್ತಿದರೂ ಬರುತ್ತದೆ.

ಶಿವಗಂಗಾ ಬೀರುವಿನಲ್ಲಿ ಆ ಪಾಯಿಂಟ್ ಒಂಬತ್ತರ ರಿಪೋರ್ಟನ್ನು ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದಾಳೆ. ಕಂಡೆ. ಬಾಗಿಲು ಹಾಕಿದೆ.

ಫೆಬ್ರವರಿ 22, ಭಾನುವಾರ. 1.50

ಗ್ರೀನ್ ರೂಂ. ಮೀಸೆ ಅಂಟಿಸಿ ಆಯಿತು. ಬೆಳಗಿನ ಗುಳಿಗೆ ಆಯಿತು. ರಂಗಕ್ಕೆ ಆರೇ ಮೆಟ್ಟಿಲು. ಹತ್ತಿ ನೋಡಿದೆ. ನಾಲ್ಕನೆಯದರಲ್ಲಿ ನಿಲ್ಲಬೇಕಾಯಿತು. ಪರದೆಯ ಸಂದಿಯಲ್ಲಿ ಇಣುಕಿದೆ — ಎರಡನೇ ಸಾಲು, ಹಸಿರು ಸೀರೆ, ಶಿವಗಂಗಾ. ಪಕ್ಕದಲ್ಲಿ ರಂಜಿತಾ. ಅವಳು ರಂಗ ನೋಡುತ್ತಿಲ್ಲ. ಹೊರಗಿನ ಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದಾಳೆ.

3.40

ಎರಡನೇ ಅಂಕ ಮುಗಿಯಿತು. ಎಂಥ ಚಪ್ಪಾಳೆ! ಒಳಗೆ ಬಂದು ಪೆಟ್ಟಿಗೆಯ ಮೇಲೆ ಕೂತೆ. ಎದೆಯ ಹಲಗೆ ಇಳಿಯಲಿಲ್ಲ. ದವಡೆಗೆ ಏರಿದೆ. ಎಡಗೈ ನನ್ನದಲ್ಲ. ಬೆವರಿಗೆ ಬಣ್ಣ ಕರಗಿ ಹಾಳೆಯ ಮೇಲೆ ತೊಟ್ಟಿಕ್ಕುತ್ತಿದೆ.

"ಗ್ಯಾಸು ಕಣಪ್ಪ," ಎಂದರು ಬೋರಪ್ಪ ಮೇಷ್ಟ್ರು. "ಸೋಡಾ ತರಿಸ್ಲಾ? ಇನ್ನೊಂದೇ ಅಂಕ ಐತೆ."

"ಗ್ಯಾಸಲ್ಲ ಮೇಷ್ಟ್ರೇ." ಅಷ್ಟೇ ಹೊರಟಿತು, ಪಿಸುಮಾತಿನಲ್ಲಿ. ಕಿರೀಟ ತೆಗೆದು ತಿಪ್ಪೇಶನ ಕಡೆ ಚಾಚಿದೆ. ಅವನು ಮುಟ್ಟಲಿಲ್ಲ.

"ನಿನ್ ಪಾರ್ಟು ಯಾರಿಗ್ ಬೇಕಣ್ಣ? ಅಲ್ಲಾಡಬ್ಯಾಡ, ಕಾರು ಬಾಗ್ಲಿಗೇ ತರ್ತೀನಿ." ಮಂತ್ರಿಯ ಪೇಟದಲ್ಲೇ ಓಡಿದ. ಮೇಷ್ಟ್ರು ಶಿವಗಂಗಾಳನ್ನು ಕರೆಯಲು ಹೋದರು.

ಈ ಡೈರಿಯನ್ನು ರಂಜಿತಾಳ ಕೈಗೆ ಕೊಡುತ್ತೇನೆ. ಬಾಯಿ ಬಾರದು. ಬಲಗೈ ಓಡುತ್ತದೆ. ಡಾಕ್ಟರೇ, ಎದೆಯ ಭಾರ ನವೆಂಬರಿನಿಂದ. ಮುಚ್ಚಿಟ್ಟೆ. ಶಿವಗಂಗಾಗೆ ಗೊತ್ತಿಲ್ಲ, ಅವಳನ್ನು ಗದರಬೇಡಿ. ಜನವರಿ 28ರ ರಿಪೋರ್ಟು ನಂಬಬೇಡಿ. ಗಂಟಲು ಗುಳಿಗೆ, ಸ್ಟಿರಾಯ್ಡಂತೆ, ಜನವರಿ 21ರಿಂದ, ದಿನಕ್ಕೆ ಎರಡು, ಒಂದು ದಿನವೂ ತಪ್ಪಿಲ್ಲ. ಇವತ್ತು ಮೂರು. ಕೊನೆಯದು ಎರಡನೇ ಅಂಕಕ್ಕೆ ಮುಂಚೆ, ಗಂಟೆ