ತಾನೇ ನಿಲ್ಲುತ್ತಿದ್ದ ಗಾಡಿ

ನಾರಾಯಣಪೇಟೆ, ಸೋಮವಾರ

ತಮ್ಮ ನಾಗಭೂಷಣ,

ಬೈಕನ್ನು ಟೆಂಪೋದಲ್ಲಿ ಹಾಕಿಸಿ ಮಕ್ತಲ್‌ನ ನಿನ್ನ ಗ್ಯಾರೇಜಿಗೆ ಕಳಿಸಿದ್ದೇನೆ. ನಿನ್ನ ಭಾವ ಪಕ್ಕದಲ್ಲೇ ಮಲಗಿರುತ್ತಾರೆ. ಫೋನಿನಲ್ಲಿ ಹೇಳಲಾಗದ್ದಕ್ಕೆ ಈ ಚೀಟಿ.

ಪಿಕಪ್ ಹೆಚ್ಚಲೆಂದು ಗುರುವಾರ ನೀನು ಕೂಡಿಸಿದ ಟ್ಯೂನಿಂಗ್ ಡಬ್ಬಿ ತೆಗೆದುಬಿಡು. ಸೀರೆ ಗಂಟು ಹೊರುವ ಗಾಡಿಗೆ ಅಷ್ಟು ಓಟ ಯಾಕೆ? ಆ ಡಬ್ಬಿ ಕೂಡಿಸುವ ಮುಂಚೆ, ಸೈಡ್ ಸ್ಟ್ಯಾಂಡ್ ಎತ್ತದೆ ಗೇರ್ ಹಾಕಿದರೆ ಇಂಜಿನ್ ತಾನೇ ಬಂದ್ ಆಗುತ್ತಿತ್ತು. ಅವರು ದಿನಾ ಮರೆಯುತ್ತಿದ್ದರು, ಗಾಡಿ ದಿನಾ ನಿಲ್ಲುತ್ತಿತ್ತು, ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಶುಕ್ರವಾರ ಗಾಡಿ ನಿಲ್ಲದೆ ಹೋಯಿತು. ಇವತ್ತಾದರೂ ನೆನಪಿಟ್ಟರಲ್ಲ ಎಂದುಕೊಂಡು ನಾನು ಒಳಗೆ ಹೋದೆ. ಬಸ್ ಸ್ಟ್ಯಾಂಡಿನ ತಿರುವಿನಲ್ಲೇ ಸ್ಟ್ಯಾಂಡ್ ನೆಲಕ್ಕೆ ತಾಗಿ ಬಿದ್ದರು. ಬಲಗೈ ಮುರಿದಿದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇದೆ.

ನೋಡಲು ಬಂದವರಿಗೆಲ್ಲ "ನಾನ ಸ್ಟ್ಯಾಂಡ್ ಎತ್ತಾಕ ಮರ್ತೀನ್ರಿ, ಗಾಡಿದೇನು ತಪ್ಪಿಲ್ಲ" ಅನ್ನುತ್ತಾರೆ. ನಿನ್ನ ಡಬ್ಬಿಯ ಮಾತು ಒಮ್ಮೆಯೂ ಎತ್ತಿಲ್ಲ.

ಗಾಡಿ ಮೊದಲಿನಂತಾದ ಮೇಲೆ ನೀನೇ ತಂದುಕೊಡು. ಬಂದಾಗ "ಭಾವಗ ಮರವು ಭಾಳ" ಎಂದು ನಗಬೇಡ. ಮೂರು ವರ್ಷ ದಿನಾ ಮರೆತರು, ಒಂದು ಸಲವೂ ಬಿದ್ದಿರಲಿಲ್ಲ.

ನಿನ್ನ ಅಕ್ಕ,
ಶಿವಲೀಲಾ